ಬಂಡೆ ತಡ ಮಾಡಿದ್ದು ಯಾಕೆ

ಅವಳು ಬಾಗಿಲು ತಳ್ಳಿಕೊಂಡು ಸ್ಟುಡಿಯೋ ಒಳಗೆ ಕಾಲಿಟ್ಟಾಗ ಕೋಚ್ ತಟಕ್ಕನೆ ಎದ್ದು ನಿಂತುಬಿಟ್ಟ. ಏಳುವ ಅವಸರಕ್ಕೆ ಮೊಣಕೈ ಬಡಿದು ಮೈಕು ಪಕ್ಕಕ್ಕೆ ವಾಲಿತು. ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರ್, ಎಲ್ಲರ ಬಾಯಲ್ಲೂ ಸೌಂಡಣ್ಣ, ಕಿವಿಯ ಹೆಡ್‌ಫೋನ್ ಕಿತ್ತು ಹಲ್ಲು ಕಚ್ಚಿದ.

"ಬನ್ನಿ, ಬನ್ನಿ. ಚೆನ್ನಾಗಿದೀರಾ?" ಅಂದ ಕೋಚ್.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ವರ್ಷಗಟ್ಟಲೆ 'ನೀನು' ಅಂದ ಬಾಯಿ ಅದು. ಈಗ ಬೇಡವೆಂದರೂ ನೆಂಟರ ಮನೆಗೆ ಹೋದವನ ಹಾಗೆ ಬಹುವಚನ ಹಚ್ಚಿಕೊಂಡಿತ್ತು.

ಅವಳು ಎಡ ಹುಬ್ಬನ್ನು ಮೇಲೆತ್ತಿದಳು. ಅದೊಂದನ್ನೇ ಎತ್ತಲು ಅವಳಿಗೆ ಬರುತ್ತಿತ್ತು. ಆ ಹುಬ್ಬು ಎದ್ದರೆ ಎದುರಿನವರ ವಾದ ಅರ್ಧ ಸತ್ತ ಹಾಗೆ ಎಂದು ರೇಡಿಯೋ ನಿಲಯದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಚೆನ್ನಾಗಿದೀನಿ. ತಾವು ಸೌಖ್ಯವಾ?" ಎಂದು 'ತಾವು' ಮೇಲೆ ಬೇಕೆಂದೇ ಭಾರ ಹಾಕಿದಳು. ಆಮೇಲೆ ಎದುರಿನ ಕುರ್ಚಿ ಎಳೆದು ಕೂತು ಕೈಚೀಲದಿಂದ ಕನ್ನಡಕ ತೆಗೆದಳು.

"ಕಣ್ಣಿನ ಡಾಕ್ಟರ್ ಹೆಂಡತಿಗೂ ಕನ್ನಡಕವಾ?"

"ದೀಪದ ಬುಡದಲ್ಲೇ ಅಲ್ವಾ ಕತ್ತಲೆ?" ಎಂದು ನಕ್ಕಳು.

ಕಿವಿಯ ಹತ್ತಿರ ಒಂದಿಷ್ಟು ಕೂದಲು ಬೆಳ್ಳಗಾಗಿತ್ತು. ಕೆನ್ನೆ ತುಸು ತುಂಬಿಕೊಂಡಿತ್ತು. ನಗು ಮಾತ್ರ ಹಾಗೇ ಇತ್ತು, ಮೊದಲು ಕಣ್ಣಿಗೆ ಬಂದು ಆಮೇಲೆ ತುಟಿಗೆ ಇಳಿಯುವ ನಗು. ಅದನ್ನು ನೋಡುತ್ತಿದ್ದ ಹಾಗೆ ಕೋಚ್‌ಗೆ ತಾನು ಇವತ್ತು ಬರಬಾರದಿತ್ತು ಅನ್ನಿಸಿತು. ಹಾಗೆ ಅನ್ನಿಸಿದರೂ, ಬೆಳಗಿನಿಂದ ಎರಡು ಶರ್ಟು ಬದಲಾಯಿಸಿ ಬಂದವನು ಅವನೇ.

ಅವರಿಬ್ಬರನ್ನು ಮತ್ತೆ ಒಂದೇ ಮೇಜಿಗೆ ಕೂರಿಸಿದ್ದು ಒಂದು ಸಾವು. ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಹತ್ತಿರ ಹತ್ತಿರ ಒಂದು ದಶಕ ಪಟ್ಟ ಬಿಟ್ಟುಕೊಡದ ಚಾಂಪಿಯನ್, ಜನ ಪ್ರೀತಿಯಿಂದ 'ಬಂಡೆ' ಎಂದು ಕರೆಯುತ್ತಿದ್ದ ದೈತ್ಯ, ಹಿಂದಿನ ವಾರ ನಿದ್ದೆಯಲ್ಲೇ ತೀರಿಕೊಂಡಿದ್ದ. ಹೆಣ ಮಣ್ಣಾಗುವ ಮುಂಚೆಯೇ ಹಳೇ ಜಗಳ ಎದ್ದು ಕೂತಿತ್ತು: ಬಂಡೆ ನಿಜಕ್ಕೂ ದೊಡ್ಡವನೋ, ಅಥವಾ ಬರೀ ಜಾಣನೋ?

ಜಗಳದ ಮೂಲ 'ಎಡಗೈ'. ಬಂಡೆಯ ಕಾಲದಲ್ಲೇ ಇದ್ದ ಇನ್ನೊಬ್ಬ ಮಹಾ ಬಾಕ್ಸರ್, ಎಡಗೈ ಏಟಿಗೆ ಹೆಸರಾದವನು. ಅವನ ಕೈ ಬೆಂಕಿಯಂತಿದ್ದ ವರ್ಷಗಳಲ್ಲಿ ಬಂಡೆ ಅವನ ಎದುರು ನಿಲ್ಲಲೇ ಇಲ್ಲ. ಒಂದು ವರ್ಷ ಬೆರಳು ಉಳುಕಿತ್ತು, ಇನ್ನೊಂದು ವರ್ಷ ತಾರೀಖು ಹೊಂದಲಿಲ್ಲ, ಮತ್ತೊಂದು ವರ್ಷ ಕರಾರು ಸರಿಯಿರಲಿಲ್ಲ. ಕಡೆಗೆ ಎಡಗೈಯ ಮಂಡಿ ಸವೆದು, ಗಡ್ಡ ನರೆತು, ಇನ್ನೇನು ಗ್ಲೌಸ್ ಗೂಟಕ್ಕೆ ತಗುಲಿಸುವ ಹೊತ್ತಿಗೆ ಬಂಡೆ ಬಂದ. ನಾಲ್ಕನೇ ರೌಂಡಿನಲ್ಲಿ ಗೆದ್ದ. ಅರ್ಧ ಜನ ಎದ್ದು ಚಪ್ಪಾಳೆ ತಟ್ಟಿದರು, ಉಳಿದರ್ಧ ಕೂತಲ್ಲೇ ಕೂತಿದ್ದರು.

ಕೋಚ್ ಮತ್ತು ಅವಳು ಮೊದಲ ಸಲ ಭೇಟಿಯಾದದ್ದೂ ಈ ವಿಷಯಕ್ಕೇ, ಅದೂ ಜಗಳವಾಡಿಕೊಂಡು.

ಆಗ ಕೋಚ್ ರಿಂಗಿನಿಂದ ಹೊರಬಂದು ಹೆಚ್ಚು ದಿನವಾಗಿರಲಿಲ್ಲ. ಊರಂಚಿನ ಹಳೇ ಗೋಡೌನೊಂದನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಮುರಿದು ಕೂಡಿಕೊಂಡ ಮೂಗು, ಅಗಲ ಭುಜ, ನೋಡಿದರೆ ಹೆದರಿಕೆ ಹುಟ್ಟಬೇಕು. ಆದರೆ ಆ ಮೈಗೆ ಸ್ವಲ್ಪವೂ ಒಪ್ಪದ ಮೆತ್ತನೆಯ ದನಿ. ರೇಡಿಯೋದವರು ಸಂದರ್ಶನಕ್ಕೆ ಕರೆದಿದ್ದರು. ಕ್ಯಾಂಟೀನಿನಲ್ಲಿ ಟೀ ಹಿಡಿದು ಕೂತಿದ್ದಾಗ ಹಿಂದಿನ ಮೇಜಿನಿಂದ ಹೆಣ್ಣುದನಿಯೊಂದು ಗಟ್ಟಿಯಾಗಿ ಕೇಳಿಸಿತು.

"ಎದುರಾಳಿಗೆ ವಯಸ್ಸಾಗ್ಲಿ ಅಂತ ಕಾದು ಕೂತವನನ್ನ ಚಾಂಪಿಯನ್ ಅನ್ನಲ್ಲ. ಆಸ್ತಿಗೆ ಕಾದಿರೋ ಅಳಿಯ ಅಂತಾರೆ."

ಕೋಚ್‌ಗೆ ಬಂಡೆ ಎಂದರೆ ದೇವರು. ಟೀ ಗ್ಲಾಸು ಹಿಡಿದುಕೊಂಡೇ ತಿರುಗಿದ. "ಕ್ಷಮಿಸಿ ಮೇಡಂ. ನೀವು ಯಾವತ್ತಾದ್ರೂ ಮುಖಕ್ಕೆ ಏಟು ತಿಂದಿದೀರಾ?"

"ಅಕ್ಕನ ಕೈಯಲ್ಲಿ ಬೇಕಾದಷ್ಟು."

"ತಮಾಷೆ ಅಲ್ಲ. ಯಾವಾಗ ಹೊಡೀಬೇಕು ಅಂತ ಗೊತ್ತಿರೋದೇ ಬಾಕ್ಸಿಂಗ್. ಕಾಯೋದೂ ಒಂದು ವಿದ್ಯೆ."

"ಕಾಯೋದಕ್ಕೂ ಹೆದರೋದಕ್ಕೂ ಎಷ್ಟು ದೂರ ಸಾರ್? ನೀವು ಅಳೆದಿದೀರಾ?"

ಎಡ ಹುಬ್ಬು ಎದ್ದದ್ದನ್ನು ಅವನು ಮೊದಲು ಕಂಡದ್ದು ಆಗ. ಅವಳು ನಿಲಯದಲ್ಲಿ ಕ್ರೀಡಾ ವಾರ್ತೆ ಓದುವವಳು ಎಂಬುದು ಆಮೇಲೆ ತಿಳಿಯಿತು. ಅವತ್ತಿನಿಂದ ಅವನು ಅವಳನ್ನು 'ವಕೀಲಮ್ಮ' ಎಂದೇ ಕರೆದ. ಅವಳು ಅವನನ್ನು 'ಕೋಚ್' ಎಂದಳು, ಊರೆಲ್ಲ ಹಾಗೆ ಕರೆಯುತ್ತಿದ್ದರೂ ಅವಳು ಕರೆದಾಗ ಅದು ಬೇರೆಯೇ ಹೆಸರಿನಂತೆ ಕೇಳುತ್ತಿತ್ತು.

ಈ ಜಗಳವನ್ನು ಕ್ಯಾಂಟೀನ್ ಬಾಗಿಲಲ್ಲಿ ನಿಂತು ಕೇಳಿದ ನಿಲಯದ ಮುಖ್ಯಸ್ಥರು, ಎಲ್ಲರೂ ಯಜಮಾನರು ಎನ್ನುತ್ತಿದ್ದ ಹಿರಿಯರು, ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು.

"ಇಷ್ಟು ಚೆನ್ನಾಗಿರೋ ಜಗಳನ ಪುಕ್ಕಟೆ ಯಾಕ್ರಪ್ಪ ಆಡ್ತೀರಿ? ಭಾನುವಾರ ಮಧ್ಯಾಹ್ನ ಮೈಕಿನ ಮುಂದೆ ಆಡಿ. ಒಂದೇ ನಿಯಮ. ಮೊದಲು ಬಾಯಿ ಬಿಟ್ಟವರು ತಮ್ಮ ಪಕ್ಷ ಆರಿಸ್ಕೊಳ್ಳಿ. ಇನ್ನೊಬ್ಬರು ಎದುರು ನಿಲ್ಲಲೇಬೇಕು, ಮನಸ್ಸಿಗೆ ಒಪ್ಪಲಿ ಬಿಡಲಿ. ನೀವಿಬ್ಬರೂ ಒಪ್ಪಿದ ದಿನ ನನ್ನ ಕಾರ್ಯಕ್ರಮಕ್ಕೆ ಬೀಗ."

ಹಾಗೆ ಶುರುವಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತಿಗೆ ಇವರಿಬ್ಬರಿಗಿಂತ ಒಳ್ಳೇ ಸಾಕ್ಷಿ ಸಿಗುತ್ತಿರಲಿಲ್ಲ. ಭಾನುವಾರ ಬಂತೆಂದರೆ ಅಂಗಡಿಗಳಲ್ಲಿ, ಟ್ಯಾಕ್ಸಿಗಳಲ್ಲಿ, ಕ್ಷೌರದ ಕುರ್ಚಿಯಲ್ಲಿ ಜನ ಇವರ ವಾದ ಕೇಳಿಕೊಂಡು ತಾವೂ ಎರಡು ಪಂಗಡವಾಗುತ್ತಿದ್ದರು.

ನಿಯಮ ಮೈಕಿನ ಮುಂದಿನಿಂದ ಮೆಲ್ಲಗೆ ಮೈಕಿನ ಹಿಂದಕ್ಕೂ ಬಂತು. ಅವಳು "ಇವತ್ತು ಸೆಕೆ" ಅಂದರೆ ಅವನು "ಚಳಿ" ಅನ್ನಬೇಕು. ಅವನು "ಬಸ್ಸಲ್ಲಿ ಹೋಗೋಣ" ಅಂದರೆ ಅವಳು "ನಡೆಯೋಣ" ಅನ್ನಬೇಕು. ನಡೆಯುವುದು ಇಬ್ಬರಿಗೂ ಇಷ್ಟವಿದ್ದುದರಿಂದ ಅವನು ಯಾವಾಗಲೂ ಮೊದಲು ಬಾಯಿ ಬಿಟ್ಟು "ಬಸ್ಸು" ಎನ್ನುತ್ತಿದ್ದ. ಅವಳು ಕಣ್ಣಂಚಿನಲ್ಲಿ ಅವನನ್ನು ನೋಡಿ, ನಗು ನುಂಗಿಕೊಂಡು, "ಸಾಧ್ಯವೇ ಇಲ್ಲ, ನಡೆಯೋದೇ" ಎನ್ನುತ್ತಿದ್ದಳು. ಬೇಕಾದ್ದನ್ನು ಬೇಡ ಎಂದು ಪಡೆಯುವ ಈ ಕಲೆಯಲ್ಲಿ ಇಬ್ಬರೂ ಪಳಗಿದರು.

ಒಂದು ಸಂಜೆ ಅವಳು ಗೋಡೌನಿಗೆ ಬಂದಳು. ತೂಗುಬಿಟ್ಟ ಮರಳಿನ ಚೀಲದ ಮುಂದೆ ನಿಂತು ಮುಷ್ಟಿ ಬಿಗಿದಳು.

"ಹಾಗಲ್ಲ. ಹೆಬ್ಬೆರಳು ಒಳಗಿಟ್ಟು ಹೊಡೆದ್ರೆ ಚೀಲಕ್ಕೇನೂ ಆಗಲ್ಲ, ನಿನ್ನ ಬೆರಳೇ ಮುರಿಯುತ್ತೆ."

"ಮತ್ತೆ ಹೇಗೆ?"

ಅವನು ಅವಳ ಕೈ ಹಿಡಿದು, ಬೆರಳುಗಳೊಳಗೆ ಸಿಕ್ಕಿದ್ದ ಹೆಬ್ಬೆರಳನ್ನು ಮೆಲ್ಲನೆ ಹೊರಗೆ ತೆಗೆದು, ಮೇಲಿಂದ ಮಡಚಿದ. ಅಷ್ಟಕ್ಕೆ ಕೈ ಬಿಡಬೇಕಿತ್ತು. ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. ಅವನ ಗಂಟುಗಂಟಾದ ದೊಡ್ಡ ಅಂಗೈಯೊಳಗೆ ಅವಳ ಮುಷ್ಟಿ ಬೆಚ್ಚಗೆ ಕೂತಿತ್ತು. ಅವಳು ಒಮ್ಮೆ ಕೈ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು.

"ಏನೋ ಹೇಳೋಕೆ ಹೊರಟಿದ್ದೆ?" ಎಂದಳು, ಅವನು ಏನೂ ಹೇಳಲು ಹೊರಡದಿದ್ದರೂ.

"ಹೊಡೆಯೋವಾಗ ಉಸಿರು ಬಿಗಿ ಹಿಡೀಬೇಡ," ಅಂದ ಕೋಚ್.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಅದು ಇದೇ. ಅವನಿಗೆ ತಿಳಿದಿರಲಿಲ್ಲವೆಂದಲ್ಲ. ಚೆನ್ನಾಗಿ ತಿಳಿದಿತ್ತು. ಆದರೆ ಅವನದೊಂದು ಲೆಕ್ಕಾಚಾರವಿತ್ತು: ಬಾಡಿಗೆ ಗೋಡೌನು ಹೋಗಿ ಸ್ವಂತ ಜಿಮ್ ಆಗಲಿ, ತನ್ನ ಕೈಯಲ್ಲಿ ಪಳಗಿದವರೊಬ್ಬರು ಪದಕ ತರಲಿ, ಆಗ ತಲೆಯೆತ್ತಿ ಕೇಳುತ್ತೇನೆ. ಲೆಕ್ಕಾಚಾರದ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ಅವನು ತನಗೇ ಹೇಳಿಕೊಳ್ಳುತ್ತಿರಲಿಲ್ಲ. ಕೇಳಿ, ಅವಳು 'ಇಲ್ಲ' ಎಂದುಬಿಟ್ಟರೆ ಭಾನುವಾರವೂ ಹೋಗುತ್ತದೆ, ನಡಿಗೆಯೂ ಹೋಗುತ್ತದೆ. ಇರುವುದೇ ಇರಲಿ ಬಿಡು ಎಂದು ಹೆದರಿದ. ಹೆದರಿಕೆಗೆ ತಾಳ್ಮೆ ಎಂದು ಹೆಸರಿಟ್ಟು ಸಾಕಿದ.

ಇದು ಹೀಗೇ ವರ್ಷಗಳವರೆಗೆ ಸಾಗಿತು ಎಂದರೆ ಓದುವವರಿಗೆ ಸಿಟ್ಟು ಬರಬಹುದು. ನಿಲಯದಲ್ಲಿ ಎಲ್ಲರಿಗೂ ಬಂದಿತ್ತು. ಮಾತೇ ಆಡದ ಸೌಂಡಣ್ಣ ಕೂಡ ಒಂದು ದಿನ, "ಕೋಚ್, ಬೆಲ್ ಹೊಡೆದು ಎಷ್ಟೊತ್ತಾಯ್ತು, ನೀನಿನ್ನೂ ಮೂಲೆಯಲ್ಲೇ ಕೂತಿದೀಯಲ್ಲೋ" ಎಂದಿದ್ದ.

ಆಮೇಲೆ ಆ ಭಾನುವಾರ ಬಂತು. ಕಾರ್ಯಕ್ರಮ ಮುಗಿದಿತ್ತು. ಮೇಜಿನ ಮೇಲಿನ ಕೆಂಪು ದೀಪ ಆರಿತ್ತು. ಅವಳು ಹೆಡ್‌ಫೋನ್ ವೈರನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

"ಅಕ್ಕ ಒಂದು ಸಂಬಂಧ ತಂದಿದಾಳೆ. ಕಣ್ಣಿನ ಡಾಕ್ಟರ್. ಒಳ್ಳೆಯವರಂತೆ." ವೈರು ಮತ್ತೊಂದು ಸುತ್ತು ಬಿತ್ತು. "ಒಪ್ಕೋಬೇಕು ಅಂತಿದೀನಿ. ನೀನೇನಂತೀಯ?"

ಕೇಳಿ ತಲೆ ಎತ್ತಿದಳು. ಹುಬ್ಬು ಎದ್ದಿರಲಿಲ್ಲ. ಕಣ್ಣು ಅವನ ಮೇಲೆಯೇ ಇತ್ತು, ರೆಪ್ಪೆ ಹೊಡೆಯದೆ.

'ಬೇಡ' ಎಂಬ ಮಾತು ಕೋಚ್‌ನ ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ಹಿಡಿದು ನಿಲ್ಲಿಸಿದ. ಇದು ಸೆಕೆ, ಚಳಿ, ಬಸ್ಸು, ನಡಿಗೆಯ ಮಾತಲ್ಲ, ಅವಳ ಬದುಕು. ಆಟದ ನಿಯಮದ ಮರೆಯಲ್ಲಿ ನಿಂತು ತನ್ನ ಆಸೆಯನ್ನು ಅವಳ ದಾರಿಗೆ ಅಡ್ಡ ಇಡುವುದು ಮೋಸ, ಬೆಲ್ಟಿನ ಕೆಳಗೆ ಹೊಡೆದ ಹಾಗೆ. ನಾನು ಅಂಥವನಲ್ಲ. ಹೀಗೆಲ್ಲ ಯೋಚಿಸಿದ. ದೊಡ್ಡ ಮನುಷ್ಯನಾಗಲು ಅವನು ಆರಿಸಿಕೊಂಡ ಗಳಿಗೆ ನೋಡಿ!

"ಒಳ್ಳೆಯವರು ಅಂದ್ಮೇಲೆ ಇನ್ನೇನು. ಒಪ್ಕೋ ವಕೀಲಮ್ಮ," ಅಂದ.

ಅವಳು ಬೆರಳಿನಿಂದ ವೈರು ಬಿಚ್ಚಿ ಮೇಜಿನ ಮೇಲೆ ನೆಟ್ಟಗೆ ಇಟ್ಟಳು.

"ಸರಿ," ಎಂದಳು.

ಅವತ್ತು ಅವರು ನಡೆಯಲಿಲ್ಲ. ಅವಳು ಬಸ್ಸು ಹತ್ತಿದಳು.

ಮದುವೆಗೆ ಕೋಚ್ ಹೋಗಿದ್ದ. ಹಿಂದಿನ ಸಾಲಿನಲ್ಲಿ ಕೂತು, ಕರೆದವರಿಗೆಲ್ಲ ನಗು ಹಂಚಿ, ಊಟಕ್ಕೆ ನಿಲ್ಲದೆ ಬಂದ. ಅವಳು ಗಂಡನ ಊರಿಗೆ ಹೋದಳು. ಕಾರ್ಯಕ್ರಮಕ್ಕೆ ಯಜಮಾನರು ಹೇಳಿದ ಹಾಗೆ ಬೀಗ ಬಿತ್ತು. ಅದಾಗಿ ಸ್ವಲ್ಪ ಕಾಲಕ್ಕೆ ಸ್ವಂತ ಜಿಮ್ ಆಯಿತು. ಪದಕವೂ ಬಂತು, ಒಂದಲ್ಲ, ಮೂರು. ಎಲ್ಲವನ್ನೂ ಗೋಡೆಗೆ ತೂಗುಹಾಕಿ ಕೋಚ್ ನೋಡುತ್ತ ಕೂತ. ಕೇಳಬೇಕಾದ ಪ್ರಶ್ನೆಗೆ ಈಗ ಎಲ್ಲ ಸಿದ್ಧವಾಗಿತ್ತು, ಕೇಳುವುದು ಯಾರನ್ನು ಎಂಬುದೊಂದನ್ನು ಬಿಟ್ಟು. ಬಂದ ಸಂಬಂಧಗಳಿಗೆಲ್ಲ "ಮುಂದಿನ ವರ್ಷ ನೋಡೋಣ" ಎನ್ನುತ್ತ ಹೋದ. ಕೊನೆಗೆ ಸಂಬಂಧಗಳೇ ಬರುವುದು ನಿಂತವು.

ಈಗ ಮತ್ತೆ ಅದೇ ಮೇಜು. ಯಜಮಾನರು ನಿವೃತ್ತರಾಗಿದ್ದರೂ ಬಂಡೆಯ ವಿಷಯ ಎಂದರೆ ಆ ಜೋಡಿಯೇ ಬೇಕು ಎಂದು ಮನೆಯಿಂದ ಫೋನ್ ಮೇಲೆ ಫೋನ್ ಮಾಡಿ ಇಬ್ಬರನ್ನೂ ಒಪ್ಪಿಸಿದ್ದರು. ಸೌಂಡಣ್ಣ ಬೆರಳೆತ್ತಿದ. ಕೆಂಪು ದೀಪ ಹತ್ತಿತು.

ಮೊದಲು ಬಾಯಿ ಬಿಟ್ಟವಳು ಅವಳು.

"ನಮಸ್ಕಾರ. ಇಷ್ಟು ವರ್ಷ ನಾನು ಬಂಡೇನ ಬೈದಿದೀನಿ. ಇವತ್ತು ಅವನ ಪರ ಮಾತಾಡ್ತೀನಿ. ಕಾದಿದ್ದು ಅವನ ತಪ್ಪಲ್ಲ. ಪ್ರತಿಯೊಬ್ಬನಿಗೂ ತನ್ನ ಕಾಲ ಯಾವುದು ಅಂತ ಆರಿಸ್ಕೊಳ್ಳೋ ಹಕ್ಕಿದೆ."

ಕೋಚ್ ಬೆಚ್ಚಿದ. ಅದು ಅವನ ಪಕ್ಷ, ಅವನ ಮಾತು, ಕ್ಯಾಂಟೀನಿನ ದಿನದಿಂದ ಅವನು ಕಾಪಾಡಿಕೊಂಡು ಬಂದ ವಾದ. ನಿಯಮದ ಪ್ರಕಾರ ಈಗ ಅವನು ಅವಳ ಹಳೇ ಪಕ್ಷ ಹಿಡಿದು ಮಾತಾಡಬೇಕು. ನೀರು ಕುಡಿದ.

"ಹಕ್ಕಿದೆ," ಅಂದ. "ಆದ್ರೆ ಕಾಲ ಅವನೊಬ್ಬನದ್ದೇ ಆಗಿರ್ಲಿಲ್ಲ. ಅದರಲ್ಲಿ ಅರ್ಧ ಎಡಗೈದು."

ಅವಳು ಕತ್ತು ಓರೆ ಮಾಡಿ ನೋಡಿದಳು. "ಆಗಲೇ ಹೋಗಿದ್ರೆ ಬಂಡೆ ಸೋಲ್ತಿದ್ದ, ಅಲ್ವಾ? ಪಟ್ಟ ಹೋಗ್ತಿತ್ತು. ಇದ್ದಿದ್ದೂ ಹೋಗ್ತಿತ್ತು."

"ಸೋಲ್ತಿದ್ನೋ ಏನೋ. ಸೋತಿದ್ರೆ ಅದು ಅವನದೇ ಸೋಲು, ಎದೆ ಮುಟ್ಟಿ ಹೇಳ್ಕೊಳ್ಳೋ ಅಂಥದ್ದು. ಈಗ ನೋಡಿ, ಗೆದ್ದ. ಆ ಗೆಲುವನ್ನ ಸಾಯೋ ತನಕ ಯಾರ ಮುಂದೇನೂ ಗಟ್ಟಿಯಾಗಿ ಹೇಳ್ಕೊಳ್ಳೋಕಾಗ್ಲಿಲ್ಲ. ನಾನೂ ಬಹಳ ವರ್ಷ ಅದನ್ನ ತಾಳ್ಮೆ ಅಂದೆ. ತಾಳ್ಮೆ ಅಲ್ಲ ಅದು. ಎದುರಿಗೆ ನಿಂತು 'ನೀನು ಬೇಕು, ಬಾ' ಅನ್ನೋ ಧೈರ್ಯ ಇರ್ಲಿಲ್ಲ. ಸರಿಯಾದ ಹೊತ್ತು ಬರ್ಲಿ ಅಂತ ಕಾದ. ಹೊತ್ತು ಬಂತು. ಮನುಷ್ಯನೇ ಇರ್ಲಿಲ್ಲ."

ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಅಪರಾಧವಿಲ್ಲ. ಅಂಥದ್ದರಲ್ಲೂ ಸೌಂಡಣ್ಣ ಕೈಸನ್ನೆ ಮಾಡಲಿಲ್ಲ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮುಂದಿನ ಮಾತು ಅವಳದ್ದು.

ಅಷ್ಟರಲ್ಲಿ ಫೋನಿನ ದೀಪ ಮಿನುಗಿತು. ಸೌಂಡಣ್ಣ ಕರೆ ತೆಗೆದುಕೊಂಡು ಕೇಳಿ, ಕಣ್ಣರಳಿಸಿ, ಗಾಜಿನ ಆಚೆಯಿಂದ ತನ್ನ ಎಡಗೈಯನ್ನು ಎತ್ತಿ ತೋರಿಸಿದ.

"ಹಲೋ," ಎಂದಿತು ಒಂದು ಮುದಿ ದನಿ. "ನಾನು ಎಡಗೈ. ಇನ್ನೂ ಬದುಕಿದೀನಿ. ನೀವಿಬ್ರೂ ನನ್ನನ್ನೂ ಮಣ್ಣು ಮಾಡೋ ಮುಂಚೆ ಒಂದು ಮಾತು ಹೇಳೋಣ ಅಂತ."

ಇಬ್ಬರೂ ಒಟ್ಟಿಗೇ ಮುಂದಕ್ಕೆ ಬಾಗಿದರು.

"ಅವನು ಬಂದಾಗ ನಾನು ಮಂಡಿಗೆ ಎಣ್ಣೆ ತಿಕ್ಕಿಸ್ಕೊಂಡು ಕೂತಿದ್ದೆ. ಆದ್ರೂ ಹೋದೆ. ಯಾಕೆ ಗೊತ್ತಾ? ಅಷ್ಟು ವರ್ಷ ದಿನಾ ಬೆಳಗ್ಗೆ ಎದ್ದು ಅವನಿಗೋಸ್ಕರ ಓಡಿದ್ದೆ. ಸೋತಿದ್ದಕ್ಕೆ ಬೇಜಾರಿಲ್ಲ. ನನ್ನ ಹತ್ರ ಏನಿತ್ತು ಅಂತ ಅವನಿಗೆ ಯಾವತ್ತೂ ಗೊತ್ತಾಗ್ಲಿಲ್ವಲ್ಲ, ಅದಕ್ಕೆ ಬೇಜಾರು."

"ಅವರು ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ, ಗೆದ್ದ ಮೇಲೆ?" ಅವಳ ದನಿ ತೆಳ್ಳಗಾಗಿತ್ತು.

"ಹೇಳಿದ. ತಬ್ಕೊಂಡ, ಕಿವಿ ಹತ್ರ ಬಾಯಿ ತಂದು 'ಇಷ್ಟು ವರ್ಷ ನಿನಗೆ ಹೆದರಿದ್ದೆ ಕಣಯ್ಯಾ' ಅಂದ. ನಾನಂದೆ, 'ಅಯ್ಯೋ ದಡ್ಡ, ನಾನೂ ಹೆದರಿದ್ದೆ. ಆಗಲೇ ಹೇಳಿದ್ರೆ ಇಬ್ರೂ ಹೆದರ್ಕೊಂಡೇ ಆಡ್ಬಹುದಿತ್ತಲ್ಲೋ.'" ಮುದುಕ ನಕ್ಕ, ನಗು ಕೆಮ್ಮಾಯಿತು. "ಅವನು ದೊಡ್ಡವನೇ ಬಿಡಿ. ಆದ್ರೆ ತಡ ಮಾಡ್ದ. ಎರಡೂ ನಿಜ. ಫೋನಿಡ್ತೀನಿ, ಮಾತ್ರೆ ತಗೊಳ್ಳೋ ಹೊತ್ತು."

ಉಳಿದ ಕಾರ್ಯಕ್ರಮವನ್ನು ಅವರು ಹೇಗೋ ಮುಗಿಸಿದರು. ಬಂಡೆಯ ಹಳೇ ಪಂದ್ಯಗಳ ಕಾಮೆಂಟರಿ ತುಣುಕು ಹಾಕಿದರು, ಕೇಳುಗರ ಇನ್ನೆರಡು ಕರೆ ತೆಗೆದುಕೊಂಡರು. ಕೆಂಪು ದೀಪ ಆರಿತು. ಸೌಂಡಣ್ಣ, ಹುಟ್ಟಿದಾಗಿನಿಂದ ಸಿಗರೇಟು ಮುಟ್ಟದವನು, ಸಿಗರೇಟು ಸೇದಿ ಬರುತ್ತೇನೆಂದು ಸನ್ನೆ ಮಾಡಿ ಹೊರಗೆ ಹೋದ.

ಅವಳು ಮೇಜಿನ ಮೇಲಿದ್ದ ಕನ್ನಡಕದ ಕಡ್ಡಿಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು.

"ಅವತ್ತು ಇಲ್ಲಿ ಕೂತು ಸಂಬಂಧದ ವಿಷಯ ಹೇಳಿದ್ನಲ್ಲ. ನಾನೇ ಯಾಕೆ ಮೊದಲು ಬಾಯಿ ಬಿಟ್ಟೆ ಅಂತ ಯಾವತ್ತಾದ್ರೂ ಯೋಚಿಸಿದ್ಯಾ?"

ಕೋಚ್ ಅವಳ ಮುಖ ನೋಡಿದ.

"'ಒಪ್ಕೋಬೇಕು ಅಂತಿದೀನಿ' ಅಂದೆ. ನಾನು ಹಾಗಂದ್ರೆ ನೀನು ಏನನ್ನಬೇಕು? 'ಬೇಡ' ಅನ್ಬೇಕು. ಕಾರಣ ಸುಳ್ಳೇ ಕೊಡು. ಡಾಕ್ಟರ್ ಮೂಗು ಉದ್ದ ಅನ್ನು, ಅವರೂರಲ್ಲಿ ಸೆಕೆ ಅನ್ನು. ಒಂದೇ ಒಂದು 'ಬೇಡ' ಸಾಕಿತ್ತು ನಂಗೆ. ಅಕ್ಕನಿಗೆ ಏನು ಹೇಳ್ಬೇಕೋ ನಾನು ಹೇಳ್ಕೋತಿದ್ದೆ."

ಅವನಿಗೆ ಹೊಟ್ಟೆಯಲ್ಲಿ ಏಟು ಬಿದ್ದ ಹಾಗಾಯಿತು. ರಿಂಗಿನಲ್ಲಿ ಅಂಥ ಏಟು ಬಿದ್ದರೆ ನೋವು ತಿಳಿಯುವುದು ಸ್ವಲ್ಪ ತಡವಾಗಿ. ಮೊದಲು ಉಸಿರು ಹೋಗುತ್ತದೆ, ಅಷ್ಟೇ.

"ನಾನು... ಅದು ಆಟ ಅಲ್ಲ ಅಂದ್ಕೊಂಡೆ. ನಿನ್ನ ಬದುಕಿನ ವಿಷಯ ಅಂತ ಆಟ ಬದಿಗಿಟ್ಟೆ."

"ಗೊತ್ತು. ಅಷ್ಟೂ ವರ್ಷದಲ್ಲಿ ನೀನು ಆಟ ಬಿಟ್ಟಿದ್ದು ಅದೊಂದೇ ದಿನ." ನಗಲು ನೋಡಿದಳು, ನಗು ಕಣ್ಣಿಗೇ ಬರಲಿಲ್ಲ. "ನಿನಗೆ ನೇರವಾಗಿ ಹೇಳೋಕೆ ಬರಲ್ಲ ಅಂತಲೇ ಆಟದಲ್ಲಿ ಕೇಳಿದ್ದು ಕಣೋ, ಪೆದ್ದ. ಬಾಗಿಲು ತೆಗೆದು, ಕೈ ಹಿಡಿದು ಹೊಸ್ತಿಲ ತನಕ ಕರ್ಕೊಂಡು ಬಂದಿದ್ದೆ. ನೀನು ಚಪ್ಪಲಿ ಬಿಟ್ಟು, ನಮಸ್ಕಾರ ಹೇಳಿ, ವಾಪಸ್ ಹೋದೆ."

ಕೋಚ್ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಅವನು ಜಿಮ್ಮಿನ ಮಕ್ಕಳಿಗೆ ಸಾವಿರ ಸಲ ಹೇಳಿದ್ದ. ಆದರೂ ಇನ್ನೂ ತಡ ಮಾಡುವುದು ಅವನಿಂದಾಗಲಿಲ್ಲ.

"ಪ್ರೀತಿಸ್ತಿದ್ದೆ," ಅಂದ. "ಕ್ಯಾಂಟೀನಲ್ಲಿ ಆ ಹುಬ್ಬು ಎತ್ತಿದ್ಯಲ್ಲ, ಅವತ್ತಿಂದ. ಈಗಲೂ. ಇದರಿಂದ ಈಗ ಏನೂ ಆಗ್ಬೇಕಾಗಿಲ್ಲ. ಸುಮ್ನೆ, ಒಂದು ಸಲ ನನ್ನ ಬಾಯಿಂದ ಬರ್ಲಿ ಅಂತ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ಎಷ್ಟು ಚೆನ್ನಾಗಿ ಹೇಳ್ತೀಯ," ಎಂದಳು. "ಆಗಲೇ ಹೇಳಿದ್ರೆ ಎಷ್ಟು ಕುಣೀತಿದ್ದೆ ಗೊತ್ತಾ."

"ನೀನು ಅಲ್ಲಿ ಸುಖವಾಗಿದೀಯಾ?"

"ಇದೀನಿ." ಮೂಗು ಎಳೆದುಕೊಂಡಳು. "ಇಲ್ಲ ಅಂದ್ರೆ ನಿನಗೆ ಸಮಾಧಾನ ಆಗ್ಬಹುದು. ಆದ್ರೆ ಅವರ ಬಗ್ಗೆ ನಾನು ಸುಳ್ಳು ಹೇಳಲ್ಲ. ತುಂಬಾ ಒಳ್ಳೆಯವರು. ಮಗಳು ಥೇಟ್ ಅವರ ಹಾಗೇ. ಆ ಮನೆ ನನ್ನದು ಕೋಚ್. ಮೊದಮೊದಲು ಅಲ್ಲ, ಈಗ ಹೌದು. ಅದಕ್ಕೇ ಇವತ್ತು ಬಂದೆ. ಇನ್ನೂ ಹಳೇ ಸಿಟ್ಟಿದ್ದಿದ್ರೆ ಬರ್ತಿರ್ಲಿಲ್ಲ."

ಕೋಚ್ ತಲೆಯಾಡಿಸಿದ. ಅವಳು ಎದ್ದಳು. ಎದ್ದವಳು ಮೇಜು ಸುತ್ತಿ ಬಂದು, ಗಂಟುಗಂಟಾದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಬಹಳ ಹೊತ್ತೇನಲ್ಲ. ಕಾರಿಡಾರಿನಲ್ಲಿ ಯಾರೋ ಮಾತಾಡುತ್ತಾ ಹತ್ತಿರ ಬಂದು ದೂರ ಹೋಗುವಷ್ಟು ಹೊತ್ತು.

"ಇಳಿಯೋಣ್ವಾ? ಕೆಳಗೆ ಅವರು ಕಾರಲ್ಲಿ ಕಾಯ್ತಿದಾರೆ," ಎಂದಳು.

ಹೊರಗೆ ಸಂಜೆಯ ಬಿಸಿಲು ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಕಾರಿನಿಂದ ಒಬ್ಬ ತೆಳ್ಳನೆಯ ಮನುಷ್ಯ ಲಗುಬಗೆಯಿಂದ ಇಳಿದು ಬಂದ. ಮೂಗು ನಿಜಕ್ಕೂ ಸ್ವಲ್ಪ ಉದ್ದ. ಕಣ್ಣಲ್ಲಿ ಒಂದಿಷ್ಟೂ ಕಲ್ಮಷವಿರಲಿಲ್ಲ. ಎರಡೂ ಕೈಯಲ್ಲಿ ಕೋಚ್‌ನ ಕೈ ಹಿಡಿದುಕೊಂಡ.

"ನೀವೇ ಅಲ್ವಾ ಕೋಚ್? ಕಾರಲ್ಲೇ ಕೂತು ರೇಡಿಯೋದಲ್ಲಿ ಪೂರ್ತಿ ಕೇಳ್ದೆ. ಬಾಕ್ಸಿಂಗ್ ಅಂದ್ರೆ ನನಗೆ ಅ ಆ ಇ ಈ ಗೊತ್ತಿಲ್ಲ, ಆದ್ರೂ ನೀವು ಮಾತಾಡ್ತಿದ್ರೆ ಕಣ್ಣಲ್ಲಿ ನೀರು ಬಂತು ನೋಡಿ." ಕೈ ಬಿಡದೆ ಇನ್ನೂ ಹತ್ತಿರ ಬಂದ. "ಎಷ್ಟೋ ವರ್ಷದಿಂದ ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ಆಗ ಇವಳು ಹೂಂ ಅಂತಾನೂ ಇರ್ಲಿಲ್ಲ, ಊಹೂಂ ಅಂತಾನೂ ಇರ್ಲಿಲ್ಲ. ಆಮೇಲೆ ಗೊತ್ತಾಯ್ತು, ನೀವು ಒಪ್ಕೋ ಅಂದ್ರಂತೆ, ಅದಕ್ಕೇ ಒಪ್ಪಿದಳಂತೆ. ನನ್ನ ಬದುಕು ನಿಮ್ಮ ಒಂದು ಮಾತಲ್ಲಿ ನಿಂತಿತ್ತು ಸಾರ್."

ಕೋಚ್ ಅವಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಒಳ್ಳೆಯವರು ಅಂತ ಕೇಳಿದ್ದೆ. ಅದಕ್ಕೇ ಹೇಳ್ದೆ," ಅಂದ.

"ಮತ್ತೆ? ನೀವು ಹೇಳಿದ್ದು ತಪ್ಪಾಗ್ಲಿಲ್ಲ ತಾನೆ?" ಡಾಕ್ಟರ್ ನಗುತ್ತಾ ಕೇಳಿದ.

"ಇಲ್ಲ ಡಾಕ್ಟ್ರೇ. ತಪ್ಪಾಗ್ಲಿಲ್ಲ."

ಅವಳು ಏನಾದರೂ ಎದುರು ಮಾತಾಡಬಹುದೇನೋ ಎಂದು ಕೋಚ್ ಒಂದು ಗಳಿಗೆ ಕಾದ. ಅವಳು ಆಡಲಿಲ್ಲ. ಕಾರಿನಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮೆಲ್ಲಗೆ ಬಾಗಿಲು ಎಳೆದುಕೊಂಡಳು.